ಜೊಳ್ಳು

ಕೆಮಿ ಪಟ್ಟಣದ ನಮ್ಮ ಮನೆಯ ಸೌನಾ
ಕಾವು ಕಾಣದೆ ನಾಲ್ಕು ಚಳಿಗಾಲ.
ಬೆತ್ತಲೆ ಕೂತು ಬೆವರಬೇಕಾದ ಮೇಲಿನ ಹಲಗೆಯಲ್ಲಿ
ಈಗ ನನ್ನ ಸರ್ವರ್ ಕೂತಿದೆ:
ನಾಲ್ಕು ಡಿಸ್ಕು, ಗೊರಕೆ ಹೊಡೆಯುವ ಒಂದು ಫ್ಯಾನು,
ಮಿಟುಕುವ ಒಂಟಿ ಹಸಿರು ಕಣ್ಣು.

ತಂಗಿ ಸೈಮಾ ಬಂದಾಗೆಲ್ಲ ಬೈಯುತ್ತಾಳೆ:
'ಹಿಂದಿನವರು ಹೆತ್ತದ್ದು ಸೌನಾದಲ್ಲಿ,
ಹೆಣ ತೊಳೆದದ್ದು ಸೌನಾದಲ್ಲಿ,
ನೀನಿಲ್ಲಿ ಕಂಡವರ ವಿಡಿಯೊ ಒಣಹಾಕಿದ್ದೀಯ,
ಮೀನು ಹಾಕಿದ ಹಾಗೆ.'

ಬೈಯಲಿ. ಗಿರಣಿಯ ರಾತ್ರಿ ಪಾಳಿ ಮುಗಿಸಿ ಬಂದವನಿಗೆ
ಆ ಗುಂಯ್‌ಗುಟ್ಟುವಿಕೆ ಬೇಕು.
ಪರದೆಯ ಮೇಲೆ ಏರುವ ಅಂಕಿ,
ಮೂವತ್ತು, ಅರವತ್ತು, ತೊಂಬತ್ತೇಳು, ನೂರು,
ಬಿಂದಿಗೆ ತುಂಬುವ ಸದ್ದು ಕೇಳಿದಂತೆ.
ಮೋಡದಲ್ಲಿಟ್ಟದ್ದು ಮಳೆಯಾಗಿ ಹೋದೀತು,
ಮನೆಯಲ್ಲಿಟ್ಟದ್ದು ಮನೆಯಲ್ಲಿರುತ್ತದೆ,
ಹಾಗಂತ ನಂಬಿದವನು ನಾನು.

*

ತೌನೊ ನಮ್ಮ ಬೀದಿಯ ಕೊನೆಯ ಷೆಡ್ಡಿನವನು.
ದೋಣಿಯ ಮೋಟಾರು ಬಿಚ್ಚಿ ಜೋಡಿಸುವುದನ್ನು
ಡಬ್ಬಿಗೆ ಒರಗಿಸಿದ ಫೋನಿನಲ್ಲಿ ಹಿಡಿದು ಹಾಕುತ್ತಿದ್ದ.
ಇನ್ನೂರ ಹನ್ನೆರಡು ವಿಡಿಯೊ. ಮುಖ ಒಂದರಲ್ಲೂ ಇಲ್ಲ.
ಗ್ರೀಸು ಮೆತ್ತಿದ ಎರಡು ಕೈ,
ಹೆಬ್ಬೆರಳಿಗೆ ಸದಾ ಒಂದು ಪಟ್ಟಿ.
'ಇದು ಇಲ್ಲಿಗೆ', 'ಇದು ಬೇಡ',
ಅಷ್ಟೇ ಮಾತು. ನೋಡುಗರು ತೊಂಬತ್ಮೂರು ಮಂದಿ,
ಅದರಲ್ಲಿ ನನ್ನವೇ ಎರಡು ಖಾತೆ.

ಆತ ತೀರಿಕೊಂಡದ್ದು ಕಡಲ ಹಿಮ ಒಡೆಯುವ ಮೇ ತಿಂಗಳಲ್ಲಿ.
ಜೂನಿನಲ್ಲಿ ಅಳಿಯ ಬಂದು
ಬ್ಯಾಂಕು, ವಿಮೆ, ಕರೆಂಟಿನ ಖಾತೆಗಳ ಜೊತೆ
ಅದನ್ನೂ ಮುಚ್ಚಿದ.
ಲೆಂಪಿ ನನ್ನ ಬಾಗಿಲು ತಟ್ಟಿದಳು,
ಕೈಯಲ್ಲಿ ಏಲಕ್ಕಿ ಹಾಕಿದ ಬಿಸಿ ಬನ್ನು.
'ನಿನ್ನ ಹತ್ತಿರ ಇದೆಯಂತೆ.'

ಇತ್ತು. ಎದೆಯುಬ್ಬಿಸಿ ಹಾಕಿದೆ,
ಮೊದಲನೆಯದು, ಏಳನೆಯದು, ನೂರ ನಾಲ್ಕನೆಯದು.
ಅವಳು ಮೋಟಾರು ನೋಡುತ್ತಿರಲಿಲ್ಲ.
ತಲೆ ವಾರೆ ಮಾಡಿ ಏನನ್ನೋ ಆಲಿಸುತ್ತಿದ್ದಳು.
ಬನ್ನು ಆರಿತು. ಕೊನೆಗೆ ಕೇಳಿದಳು:
'ನಡುನಡುವೆ ನಾನು ಕರೆಯುತ್ತಿದ್ದೆನಲ್ಲ,
ಅದೆಲ್ಲಿ?'

*

ಎಲ್ಲಿ ಎಂದು ನನಗೆ ಗೊತ್ತು.
ನಾನೇ ಕೂತು ಒಂದೊಂದಕ್ಕೂ ಗುರುತು ಹಾಕಿದ್ದೆ,
ಇಷ್ಟನೇ ಸೆಕೆಂಡಿನಿಂದ ಇಷ್ಟನೇ ಸೆಕೆಂಡಿಗೆ: ಅಡ್ಡಿ.
ಅಡ್ಡಿ ಕತ್ತರಿಸು, ಮೌನ ಕತ್ತರಿಸು,
ಮೂಲ ಅಳಿಸು, ಜಾಗ ಉಳಿಸು.
ಮೊರ ಹಿಡಿದವರ ಹಾಗೆ ಆ ಯಂತ್ರ
ರಾತ್ರಿಯಿಡೀ ಕೇರಿದೆ, ತೂರಿದೆ.
ಕಾಳು ನನ್ನ ಡಿಸ್ಕಿಗೆ, ಜೊಳ್ಳು ಗಾಳಿಗೆ.

ಎರಡು ದಿನ ಅವಳಿಗೆ ಮುಖ ತೋರಿಸಲಿಲ್ಲ.
ಮೂರನೆಯ ರಾತ್ರಿ ಯಂತ್ರದ ದಿನಚರಿ ಕೆದಕಿದೆ.
ಸಾವಿರ ಸಾಲು 'ಮುಗಿಯಿತು, ಮುಗಿಯಿತು, ಮುಗಿಯಿತು',
ನಡುವೆ ಕೆಂಪಗೆ ಒಂದು:
ನೂರ ಐವತ್ತೊಂಬತ್ತು. ಕತ್ತರಿಸಲಾಗಲಿಲ್ಲ. ಡಿಸ್ಕು ತುಂಬಿದೆ.

ಅಂದು ಶಪಿಸುತ್ತಲೇ ಹೊಸ ಡಿಸ್ಕು ತಂದಿದ್ದೆ.

ಕಾರ್ಬ್ಯುರೇಟರ್ ತೊಳೆಯುವ ಪಾಠ, ಹದಿನೆಂಟು ನಿಮಿಷ.
ಹನ್ನೊಂದನೆಯ ನಿಮಿಷಕ್ಕೆ ಷೆಡ್ಡಿನ ಬಾಗಿಲು ಕಿರುಗುಟ್ಟುತ್ತದೆ.
'ತೌನೊ, ಕಾಫಿ ಆಯ್ತು.'
ಕೈ ನಿಲ್ಲುತ್ತದೆ. ಸ್ಪ್ಯಾನರ್ ಕೆಳಗಿಡುವುದಿಲ್ಲ.
'ಹೂಂ.'
'ಹೂಂ ಅಂದ್ರೆ ಈಗಲೋ, ನಾಳೆಗೋ?'
ಆಮೇಲೆ ನಲವತ್ತು ಸೆಕೆಂಡು ಯಾರೂ ಇಲ್ಲ.
ಮೇಜಿನ ಮೇಲೆ ಒಂದು ತಿರುಪು
ಉರುಳುತ್ತದೆ, ನಿಲ್ಲುತ್ತದೆ.

ಸೌನಾದ ಕೆಳಗಿನ ಹಲಗೆಯಲ್ಲಿ, ಕೋಟು ಬಿಚ್ಚದೆ,
ಲೆಂಪಿ ಮತ್ತೆ ಹಾಕು ಅಂದಳು. ಮತ್ತೆ.
ಕಾಫಿ ಮಾಡಿ ತರಲೇ ಎಂದೆ.
'ಸುಮ್ಮನಿರು' ಅಂದಳು,
'ಅಡ್ಡಿ ಮಾಡಬೇಡ.'