ತಗ್ಗಿದ ಹೊಸ್ತಿಲು

ಕುತೈಸಿಯ ಹಳೆ ಕಾರ್ಖಾನೆಯ ಹಿಂಬದಿ ಶೆಡ್ಡಿನಲ್ಲಿ
ಕಾಲುಚೀಲ ಹೆಣೆಯುವ ಯಂತ್ರವೊಂದಿದೆ,
ನನಗಿಂತ ಹದಿನಾಲ್ಕು ವರ್ಷ ದೊಡ್ಡದು.
ಐದು ವೋಲ್ಟಿನ ಮಾತೇ ಅದಕ್ಕೆ ಮಾತು.
ನಾನು ತಂದು ಕೂರಿಸಿದ ಹೊಸ ಬೋರ್ಡು, ಬೆಂಕಿಪೊಟ್ಟಣದಷ್ಟು,
ಮೂರು ಪಾಯಿಂಟ್ ಮೂರಕ್ಕೇ ಉಸಿರು ಮುಗಿಸುತ್ತದೆ.

ನಡುವೆ ಒಂದು ಬಫರ್ ಬೆಸೆದೆ,
ಇಪ್ಪತ್ತು ಕಾಲಿನ ಕರಿ ಜೀರುಂಡೆ.
ಬಂದದ್ದನ್ನು ಬಂದಂತೆಯೇ ಹೇಳುತ್ತದೆ, ಆದರೆ ತೋಳು ಸೇರಿಸಿ;
ಒಂದು ತಂತಿಯ ಸುದ್ದಿಯನ್ನು ಎಂಟು ಸೂಜಿಗಳ ಬಾಗಿಲಿಗೆ
ದಣಿಯದೆ ಮುಟ್ಟಿಸುತ್ತದೆ.
ಇನ್ನೇನು ಬೇಕು, ಅಂದುಕೊಂಡೆ.

ಮಧ್ಯಾಹ್ನ ಯಂತ್ರ ಹೆಣೆಯಿತು.
ಬೆಳಿಗ್ಗೆ, ಗಾಜಿಗೆ ಮಂಜು ಹಿಡಿದಾಗ, ಮರೆಯಿತು.
ಹಿಮ್ಮಡಿಯಲ್ಲಿ ತೂತು ಬಿದ್ದ ಹನ್ನೊಂದು ಕಾಲುಚೀಲಗಳನ್ನು
ಮೇಜಿನ ಮೇಲೆ ಸಾಲಾಗಿ ಮಲಗಿಸಿದಳು ಲಾಮಾರಾ.
ಬೈಯಲಿಲ್ಲ.
ತೂತಿನೊಳಗೆ ಬೆರಳು ತೂರಿಸಿ ನನ್ನತ್ತ ಆಡಿಸಿದಳು.

ನಲವತ್ತು ವರ್ಷ ಮಗ್ಗಗಳ ಸದ್ದಿನಲ್ಲಿ ದುಡಿದವಳು;
ಗುಟ್ಟು ಹೇಳಿದರೂ ರಿಯೋನಿ ನದಿಯ ಆಚೆ ದಡಕ್ಕೆ ಕೇಳೀತು.
ನಾನೋ, ಅಜ್ಜನ ಔತಣದಲ್ಲಿ ಲೋಟ ಎತ್ತಿ
ನಾಲ್ಕು ಮಾತು ಹೇಳೆಂದರೆ
ಲೋಟಕ್ಕೇ ಹೇಳಿ ಕೂತವಳು.

"ನುತ್ಸಾ!" ಎಂದು ಕೂಗಿದಳು, ಪಕ್ಕದಲ್ಲೇ ನಿಂತು,
"ನೀನು ಇಟ್ಟುಕೊಂಡದ್ದು ಡಂಗುರದವನನ್ನು.
ಕೇಳಿದ್ದನ್ನು ಸಾರುತ್ತಾನೆ, ಸರಿ. ಕೇಳಿಸದಿದ್ದರೆ?
ಐದರ ಮನೆಯಲ್ಲಿ ಅವನ ಹೊಸ್ತಿಲು ಮೂರೂವರೆ,
ನಿನ್ನ ಬೋರ್ಡಿನ 'ಹೌದು' ಮೂರು ಪಾಯಿಂಟ್ ಮೂರು.
ಒಮ್ಮೆ ದಾಟುತ್ತದೆ, ಒಮ್ಮೆ ಎಡವುತ್ತದೆ.
ಒಮ್ಮೆ ದಾಟಿತೆಂದು ಅದನ್ನು ದಾರಿ ಅನ್ನಬೇಡ."

ಚಹಾ ಡಬ್ಬಿಯಿಂದ ಇನ್ನೊಂದು ಚಿಪ್ ಎತ್ತಿದಳು.
ಎರಡು ಮನೆಯ ಊಟ ಅದಕ್ಕೆ:
ಒಂದು ಕಾಲು ಮೂರರಾಚೆ, ಇನ್ನೊಂದು ಐದರಲ್ಲಿ.
"ಇವನು ಮಟ್ಟ ಬದಲಿಸುವವನು. ಅರ್ಥವನ್ನು ಮುಟ್ಟುವುದಿಲ್ಲ.
ಒಂದನ್ನು ಒಂದಾಗಿ, ಸೊನ್ನೆಯನ್ನು ಸೊನ್ನೆಯಾಗಿಯೇ
ಮೇಲಿನ ಮೆಟ್ಟಿಲಿಗೆ ಎತ್ತಿಡುತ್ತಾನೆ.
ಆದರೆ ಈತನ ರಟ್ಟೆಯಲ್ಲಿ ಕಸುವಿಲ್ಲ. ನಮ್ಮ ತಂತಿ ಎರಡು ಮೀಟರು."
ಮತ್ತೆ ಡಬ್ಬಿಗೇ ಹಾಕಿದಳು.

ತಳ ಕೆದಕಿ ಕೊನೆಗೆ ಕೊಟ್ಟದ್ದು
ನನ್ನ ಬಫರಿನ ಅವಳಿಯಂತಿತ್ತು. ಅದೇ ಕಾಲು, ಅದೇ ಕರಿ ಬೆನ್ನು.
ಭೂತಗನ್ನಡಿ ಹಿಡಿದರೆ
ಹೆಸರಿನ ನಡುವೆ ಒಂದು 'ಟಿ' ಹೆಚ್ಚು, ಅಷ್ಟೆ.
ತೋಳು ಅದೇ, ಐದರ ಅನ್ನವೂ ಅದೇ,
ಹೊಸ್ತಿಲನ್ನು ಮಾತ್ರ ಎರಡಕ್ಕೆ ಇಳಿಸಿಕೊಂಡಿದೆ.

"ಹಾಗಾದರೆ ಇದು ಬಫರೋ, ಮಟ್ಟ ಬದಲಿಸುವುದೋ?"
ಕೇಳಿದೆ. ಅವಳಿಗೆ ಕೇಳಿಸಲಿಲ್ಲ.
ಎರಡನೆಯ ಸಲ ತುಟಿ ನೋಡಿದಳು.
ಆಮೇಲೆ ಫ್ಯಾನು ಆರಿಸಿ, ರೇಡಿಯೋ ಆರಿಸಿ,
ಸ್ಟೂಲು ಎಳೆದು ಕೂತು ತಲೆ ಓರೆ ಮಾಡಿದಳು.

ಅದೇ ದನಿಯಲ್ಲಿ ಹೇಳಿದೆ. ಮುಟ್ಟಿತು.

ಉತ್ತರ ಮಾತ್ರ ಪೂರಾ ಐದರಲ್ಲಿ ಬಂತು,
ಕಿವಿ ಮುಚ್ಚಿಕೊಂಡೆ.
ವಾಪಸು ಬರುವ ತಂತಿಗೆ ಬೇರೆಯೇ ಚಿಪ್ ಬೇಕು.
ಅದನ್ನಿನ್ನೂ ಬೆಸೆದಿಲ್ಲ.