ತೋಳಿನ ಮೇಲಿನ ರೂಪಾಯಿ

ಬಾಕಿ ಭತ್ಯೆ ಬಂತು, ಒಂಬತ್ತು ಸಾವಿರದ ಆರುನೂರು.
ಡಿಪೋದಲ್ಲಿ ತಲೆಗೊಂದು ಸಲಹೆ: ಫ್ರಿಜ್ಜಿಗೆ ಕಂತು ಕಟ್ಟು,
ಚೀಟಿಗೆ ಹಾಕು, ಕಿವಿಗೆ ಏನಾದರೂ ಮಾಡಿಸು.
ಕಿವಿಗೇ, ಅಂದೆ. ಯಾರಿಗೂ ತಿಳಿಯಲಿಲ್ಲ.

ಹಬ್ಬುವಾಡದ ಬಾಡಿಗೆ ಕೋಣೆ. ಮೇಜಿನ ಮೇಲೆ ಟರ್ನ್‌ಟೇಬಲ್ಲು,
ಮುಚ್ಚಿಹೋದ ಕ್ಲಬ್ಬಿನ ಹರಾಜಿನಲ್ಲಿ ಹಿಡಿದದ್ದು.
ಹಾಡು ಎಗರುತ್ತದೆಂದು ಅದರ ತೋಳಿನ ತುದಿಗೆ
ನಾನೇ ಅಂಟಿಸಿದ್ದೆ ಒಂದು ರೂಪಾಯಿ ನಾಣ್ಯ.
ಆಮೇಲೆ ಎಗರಲಿಲ್ಲ. ಚಿಲ್ಲರೆಯಲ್ಲೇ ತೀರಿದ ಲೆಕ್ಕ.

ಈಗ ದುಡ್ಡುಂಟು. ಜೋಯಿಡಾ ಗಾಡಿಯ ಬಾಗಿಲಿಗೆ ಒರಗಿ
ಟ್ರಿಪ್ ಶೀಟಿನ ಬೆನ್ನಿಗೆ ಬರೆಯುತ್ತೇನೆ, ಹೊಡೆದುಹಾಕುತ್ತೇನೆ.
ಸ್ಪೀಕರ್ ಎಂದರೆ ಮಡಗಾಂವಿನ ಹಳೇ ಜೋಡಿಗೇ ಒಂಬತ್ತು;
ತಂದರೆ ಇದ್ದ ಗದ್ದಲವೇ ದೊಡ್ಡದಾದೀತು.
ಬೆಲ್ಟು ನಾನೂರೈವತ್ತು, ಅದು ಬೇಕೇಬೇಕು:
ಹಳೆಯದು ಸಡಿಲು, ಮಧ್ಯಾಹ್ನದ ಸೆಕೆಗೆ
ಗಾಯಕಿಯ ದನಿಯೂ ತೂಕಡಿಸುತ್ತದೆ.
ಪ್ರೀ-ಆಂಪ್ ಮೂರು ಸಾವಿರದ ಎಂಟುನೂರು. ಆ ಗುಂಯ್ ಎನ್ನುವುದು
ಅದು ಇಲ್ಲದ್ದಕ್ಕೋ, ಗೋಡೆಯ ಅರ್ಥಿಂಗಿಗೋ, ಹೆದ್ದಾರಿಗೋ?
ಕದ್ರಾ ಬಂತು. ಇಳಿಯುವವರು ಇಳಿಯಿರಿ. ರೈಟ್.
ಎಲ್ಲಿ ಬಿಟ್ಟೆ?

ರೊಮಾಲ್ಡ್ ಮೇಸ್ತ್ರಿ ಬೈತಖೋಲದಲ್ಲಿ
ದೋಣಿಗಳ ವೈರ್‌ಲೆಸ್ಸು, ಮೀನು ತೋರಿಸುವ ಯಂತ್ರ ರಿಪೇರಿ ಮಾಡುತ್ತಾರೆ.
ರವಿವಾರ ಬಂದರು. ಮೊದಲು ತಟ್ಟೆಯಲ್ಲಿ ನೀರು ಕೇಳಿದರು,
ಮೇಜು ಯಾವ ಕಡೆ ವಾಲಿದೆ ನೋಡಲಿಕ್ಕೆ.
ಕಾಲಿನಡಿ ಮಡಚಿದ ರಟ್ಟು ಇಟ್ಟರು. ಖರ್ಚು ಸೊನ್ನೆ.
ಆಮೇಲೆ ಕನ್ನಡಕ ಹಣೆಗೇರಿಸಿ, ಭೂತಗನ್ನಡಿ ಹಿಡಿದು
ಬಹಳ ಹೊತ್ತು ಸುಮ್ಮನಿದ್ದರು.
‘ಈ ಪಾವಲಿ ಯಾರು ಅಂಟಿಸಿದ್ದು, ಬಾಯಿ?’
‘ರೂಪಾಯಿ,’ ಅಂದೆ.
‘ಯಾವುದಾದರೇನು. ಹೆಜ್ಜೆ ತಪ್ಪುವವಳ ತಲೆಮೇಲೆ
ಅಕ್ಕಿ ಮೂಟೆ ಹೊರಿಸಿದ ಹಾಗೆ. ತಪ್ಪುವುದಿಲ್ಲ, ಖರೆ.
ನೆಲ ಕುಸಿಯುತ್ತದೆ.’

ನನ್ನ ಬಳಿ ಒಂದು ನಾಟಕದ ಪ್ಲೇಟುಂಟು, ರಂಗದಲ್ಲೇ ಹಿಡಿದದ್ದು.
ಎರಡನೇ ಮಗ್ಗುಲು. ರಾಣಿ ಉಂಗುರ ಬಿಚ್ಚುವ ಜಾಗ.
ಅವಳು ಮಾತು ತಡೆಯುತ್ತಾಳೆ. ಆ ತಡೆಯಲ್ಲಿ
ನೋಡಲು ಕೂತವರ ನಡುವಿಂದ ಒಬ್ಬ ಹೆಂಗಸು ಏನೋ ಅನ್ನುತ್ತಾಳೆ.
‘ಬಾ’ ಅಂದಂತೆ. ‘ಬ್ಯಾಡ’ ಅಂದಂತೆ.
ಹನ್ನೊಂದು ವರ್ಷದಿಂದ ಕೇಳುತ್ತಿದ್ದೇನೆ.
ಮೇಸ್ತ್ರಿಗೆ ಇದನ್ನು ಹೇಳಲಿಲ್ಲ, ನಕ್ಕಾರು ಎಂದು.

ಕೊನೆಗೆ ಬೆಲ್ಟು, ಮುಳ್ಳು. ಮುಳ್ಳಿಗೇ ಐದು ಸಾವಿರದ ಇನ್ನೂರು,
ಸೊಳ್ಳೆಯ ಸೊಂಡಿಲಿನಷ್ಟು ಇಲ್ಲದ್ದಕ್ಕೆ.
ನಾಣ್ಯ ಕಿತ್ತರು. ತೋಳು ಉಸಿರೆಳೆದಂತೆ ಮೇಲೆದ್ದಿತು.
ಹಿಂದಿನ ತೂಕ ತಿರುಗಿಸಿ ತಿರುಗಿಸಿ ಸಮ ಮಾಡಿದರು,
ಮೀನು ಪೇಟೆಯ ಯಾವ ತಕ್ಕಡಿಯೂ ಅಷ್ಟು ಪ್ರಾಮಾಣಿಕವಲ್ಲ.

ಏನು ಹೇಳಲಿ. ರಾಣಿಯ ಬಳೆ ಕೇಳಿತು.
ಪೆಟಿಗೆಯವನು ಗಾಳಿ ತುಂಬುವುದು ಕೇಳಿತು.
ಯಾವುದೋ ಕುರ್ಚಿ ಕಿರ್ರೆಂದಿತು.
ಉಂಗುರ. ತಡೆ.
ನಂತರ ಎಂದೂ ಇಲ್ಲದಷ್ಟು ಸ್ಪಷ್ಟವಾಗಿ
ಉಜ್ಜಿದ ಸದ್ದು, ಮರಳ ಮೇಲೆ ಬಲೆ ಎಳೆದಂತೆ.
ಆ ಮಾತಿದ್ದ ಗೆರೆಯನ್ನು ನನ್ನ ರೂಪಾಯಿ
(ನಾನು ಹಿಂದಕ್ಕೆ ಇಟ್ಟು, ಮತ್ತೆ ಹಿಂದಕ್ಕೆ ಇಟ್ಟು)
ನುಣ್ಣಗೆ ಅರೆದುಬಿಟ್ಟಿತ್ತು.

‘ಚಲೋ ಆಯಿತಲ್ಲ?’ ಅಂದರು ಮೇಸ್ತ್ರಿ.
ಆಯಿತು, ಅಂದೆ. ಆಗಿತ್ತು ಕೂಡ.
ಅವರ ಮುನ್ನೂರು ಕೊಟ್ಟ ಮೇಲೆ
ಪ್ರೀ-ಆಂಪಿಗೆ ನೂರೈವತ್ತು ಕಡಿಮೆ ಬಿತ್ತು.

ಸೋಮವಾರದ ಮೊದಲ ಗಾಡಿಯಲ್ಲಿ
ಚಿಲ್ಲರೆಯ ಜೊತೆ ಆ ನಾಣ್ಯವನ್ನೂ ದಾಟಿಸಿದೆ.
ಮಲ್ಲಾಪುರದ ಮುದುಕಿ ತಿರುಗಿಸಿ ನೋಡಿ ವಾಪಸು ಚಾಚಿದಳು:
‘ಅಂಟ್ತದೆ ಇದು. ಬ್ಯಾಡ ತಂಗಿ.’
ಬೇರೆ ಕೊಟ್ಟೆ.