ಬೆಳಕಿನ ಮೇಜು

ಮೊನ್ನೆಯಿಂದ ಬೀಜದ ರೊಟ್ಟಿ ಬಿಟ್ಟಿದ್ದೆ.
ರಾತ್ರಿ ನಾಲ್ಕು ಲೋಟ ಉಪ್ಪುಪ್ಪು ದ್ರಾವಣ ಕುಡಿದು
ಬಚ್ಚಲಿಗೂ ಹಾಸಿಗೆಗೂ ದಾರಿ ಸವೆಸಿದ್ದೆ.
ಬೆಳಿಗ್ಗೆ ನಾನೊಂದು ಬೆಳಗಿ ಬೋರಲಿಟ್ಟ ಪಾತ್ರೆ.
ಆಗ ನರ್ಸ್ ಮಾರ್ಯುನ್ ಫೋನು:
"ತೂರಿ, ಮಂಜು. ವಿಮಾನ ಇಳಿಯಲಿಲ್ಲ,
ಡಾಕ್ಟರನ್ನು ಹೊತ್ತು ಬೆರ್ಗನ್ನಿಗೆ ತಿರುಗಿತು.
ಗುರುವಾರ ಬಾ. ಹೌದು, ಮತ್ತೆ ಕುಡಿಯಬೇಕು."

ನಕ್ಕೆ. ನಮ್ಮ ಫೆರೋ ದ್ವೀಪಗಳಲ್ಲಿ
ಮಂಜಿನ ಮೇಲೆ ಸಿಟ್ಟಾದವರು ಉದ್ಧಾರವಾಗಿಲ್ಲ.
ಹೊಟ್ಟೆ ಸುಮ್ಮನಾದ ಮೇಲೆ ಕೆಲಸಕ್ಕೆ ಹೋದೆ.

ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ:
ಕೆಳಗಿಂದ ಬೆಳಕು ಹಾಯುವ ಗಾಜಿನ ಮೇಜು,
ಮೇಲೆ ಕಾಡ್ ಮೀನಿನ ಸೀಳು,
ಹಾಲುಬಿಳಿ ಮಾಂಸದೊಳಗೆ ಕಂದು ದಾರದಂತೆ
ಸುರುಳಿ ಸುತ್ತಿ ಮಲಗಿದ ಹುಳ.
ಚಿಮಟದಲ್ಲಿ ಎಳೆ, ಬಿಸಾಕು, ಮುಂದಿನದು.
ನನಗೆ ಗೊತ್ತು, ಯಾರಿಗೂ ಹೇಳಿಲ್ಲ:
ಮೂರನೇ ಗಂಟೆ ದಾಟಿತೆಂದರೆ ಕಣ್ಣು
ನೋಡುತ್ತಲೇ ಇರುತ್ತದೆ, ಕಾಣುವುದಿಲ್ಲ.
ಸ್ಪೇನಿನ ಯಾವುದೋ ಅಡುಗೆಮನೆಯಲ್ಲಿ
ಯಾರೋ ತಟ್ಟೆ ತಳ್ಳಿ ಎದ್ದಿದ್ದಾರೆ, ನನ್ನ ದೆಸೆಯಿಂದ.

ಕರುಳಿನ ಉರಿ ಹಿಡಿದದ್ದು ಇಪ್ಪತ್ತೆರಡಕ್ಕೆ.
ಎಂಟು ವರ್ಷ ತುಂಬಿದಾಗ ಹೇಳಿದರು:
ಇನ್ನು ಮೇಲೆ ಆಗಾಗ ಒಳಗೆ ನೋಡುತ್ತಿರಬೇಕು.
ಏನನ್ನು, ಅಂತ ನಾನು ಕೇಳಲಿಲ್ಲ.
ಸಿಗ್ರುನ್ ಅತ್ತೆಗೂ ಇದೇ ಉರಿ; ಆಗ ನೋಡುವವರಿರಲಿಲ್ಲ.
ಅವಳ ಹೆಣಿಗೆ ಕಡ್ಡಿಗಳು ನನ್ನ ಡ್ರಾಯರಿನಲ್ಲಿವೆ,
ಒಂದೇ ತೋಳಿನ ಸ್ವೆಟರಿನ ಸಮೇತ.

ಗುರುವಾರ. ಡಾಕ್ಟರ್ ಥೋರುಪ್ ಕೈ ತೊಳೆಯುತ್ತಿದ್ದರು.
"ಇವತ್ತು ನಾನು ಎಷ್ಟನೆಯವಳು?" ಅಂದೆ.
"ಯಾಕೆ?" ಅಂತ ನಕ್ಕರು.
ಹೇಳಿದೆ, ಮೇಜಿನ ವಿಷಯ, ಮೂರನೇ ಗಂಟೆಯ ವಿಷಯ.
ನಗು ನಿಂತಿತು. "ಆರನೆಯವಳು."
ನಲ್ಲಿ ನಿಲ್ಲಿಸಿ ಹೊರಗೆ ಹೋದರು.
ಹತ್ತು ನಿಮಿಷ ಬಿಟ್ಟು ಬಂದಾಗ ಮೈಗೆ ಕಾಫಿಯ ವಾಸನೆ.

ಮಂಪರಿನ ಮದ್ದು ಬೇಡವೆಂದೆ.
ಪರದೆಯ ಮೇಲೆ ನಾನು: ಒದ್ದೆ ಗುಲಾಬಿ ಮಡಿಕೆ,
ಹಳೆ ಹುಣ್ಣು ಮಾಯ್ದ ಬಿಳಿ ಗೆರೆ.
ಅವರು ನೀಲಿ ಬಣ್ಣ ಚಿಮುಕಿಸುತ್ತ
ಹಿಂದೆ ಹಿಂದೆ ಸರಿದರು, ನಿಧಾನ,
ನೆಲ ಸಾರಿಸುವವರು ಬಾಗಿಲ ಕಡೆ ಸರಿಯುವಂತೆ.
ತಗ್ಗಿನಲ್ಲೆಲ್ಲ ನೀಲಿ ನಿಂತಿತು.
ಒಂದು ಕಡೆ ಬಾರ್ಲಿ ಕಾಳಿನಷ್ಟು ಜಾಗ
ಬಣ್ಣ ಹಿಡಿಯದೆ ಉಳಿಯಿತು.
"ಅಲ್ಲಿ," ಅಂದೆ ನಾನು.
"ಕಂಡಿದೆ," ಅಂದರು ಅವರು.
ಯಾರು ಮೊದಲೋ, ತಿಳಿಯದು.

ಪುಟ್ಟ ಚಿಮಟ ಬಂತು, ಕಚ್ಚಿತು. ನೋಯಲಿಲ್ಲ.
ಮಾರ್ಯುನ್ ಡಬ್ಬಿಯ ಮೇಲೆ ಬರೆದಳು
ನಾಲ್ಕು ಅಂತ, ಆಮೇಲೆ ನನ್ನ ಹೆಸರು,
ಕೊನೆಯ ಅಕ್ಷರ ಬಿಟ್ಟು; ಮತ್ತೆ ಸೇರಿಸಿದಳು.
ಡಬ್ಬಿ ವಿಮಾನದಲ್ಲಿ ಕೋಪನ್‌ಹೇಗನ್ನಿಗೆ ಹೋಗುತ್ತದೆ.
ಉತ್ತರ ಎರಡು ವಾರಕ್ಕೆ,
ಮಂಜಿಲ್ಲದಿದ್ದರೆ.

ಸಂಜೆ ಬೀಜದ ರೊಟ್ಟಿಗೆ ದಪ್ಪ ಬೆಣ್ಣೆ ಸವರಿ
ನಿಂತೇ ತಿಂದೆ, ಮೂರು ಹೋಳು.
ನಾಳೆ ಬೆಳಗಿನ ಪಾಳಿ.
ಮೂರನೇ ಗಂಟೆಗೆ ಕೈಯೆತ್ತಿ ಹೇಳುವವಳಿದ್ದೇನೆ:
ಹತ್ತು ನಿಮಿಷ.
ಬೈದರೆ ಬೈಯಲಿ.